ಧ್ವಜವಿಲ್ಲದ ಸುಂಕದ ಕಟ್ಟೆ

ಹಳೆಯ ಗ್ರಂಥಗಳ ಸಣ್ಣಕ್ಷರವನ್ನು ಓದಲು ನನ್ನ ಕಣ್ಣುಗಳು ಒಪ್ಪದೆ ಹೋದ ಮೇಲೆ, ಜರ್ಮನಿಯಲ್ಲಿ ತಯಾರಾಗುವ, ಒಳಗೆ ಪುಟ್ಟ ದೀಪವೊಂದನ್ನುಳ್ಳ ಭೂತಕನ್ನಡಿಯನ್ನು ಅಲ್ಲಿಯ ಅಂಗಡಿಯಿಂದ ತರಿಸಿಕೊಂಡೆನು. ಬೆಲೆಯನ್ನೂ ಸಾಗಣೆಯ ವೆಚ್ಚವನ್ನೂ ಮುಂಚಿತವಾಗಿಯೇ ಸಲ್ಲಿಸಿಯಾಗಿತ್ತು. ಆ ಮೊತ್ತವು ನನ್ನ ಪಿಂಚಣಿಗೆ ಹಗುರವಾದುದಲ್ಲವಾದರೂ, ಎರಡು ತಿಂಗಳ ಕಾಲ ಬೇರೆ ಪುಸ್ತಕವನ್ನು ಕೊಳ್ಳದಿದ್ದರೆ ಸರಿಹೋದೀತೆಂದು ಲೆಕ್ಕ ಹಾಕಿ, ಮನಸ್ಸನ್ನು ಒಪ್ಪಿಸಿ, ಕೊಂಡದ್ದು. ಹದಿನೈದು ದಿನಗಳ ತರುವಾಯ ಕೊರಿಯರ್ ಸಂಸ್ಥೆಯ ಹುಡುಗನೊಬ್ಬನು ಒಂದು ಕೈಯಲ್ಲಿ ಪೆಟ್ಟಿಗೆಯನ್ನೂ ಇನ್ನೊಂದು ಕೈಯಲ್ಲಿ ಚೀಟಿಯನ್ನೂ ಹಿಡಿದು ಬಾಗಿಲಿಗೆ ಬಂದು, ವಸ್ತುವಿನ ಬೆಲೆಯ ಅರ್ಧಕ್ಕೆ ಸಮೀಪವಾದ ಮತ್ತೊಂದು ಮೊತ್ತವನ್ನು ಕೊಟ್ಟ ಹೊರತು ಪೆಟ್ಟಿಗೆಯನ್ನು ಬಿಡುವಂತಿಲ್ಲವೆಂದನು. ಅವನಲ್ಲಿ ದೋಷವೇನೂ ಇರಲಿಲ್ಲ. ಬಿಸಿಲಿನಲ್ಲಿ ಬಂದವನಿಗೆ ನೀರು ಕೊಟ್ಟು, ಹಣವನ್ನೂ ಕೊಟ್ಟು ಕಳುಹಿಸಿದೆನು. ಆ ಚೀಟಿಯ ಐದಾರು ಸಾಲುಗಳ ಅರ್ಥವನ್ನು ತಿಳಿಯುವುದಕ್ಕೆ ಮಾತ್ರ ನನಗೆ ಮೂರು ದಿನಗಳು ಹಿಡಿದುವು.

ಮೊದಲೇ ಒಂದು ಮಾತನ್ನು ಸ್ಪಷ್ಟಪಡಿಸುತ್ತೇನೆ. ತನ್ನ ಗಡಿಯನ್ನು ದಾಟಿ ಬರುವ ಪದಾರ್ಥಗಳ ಮೇಲೆ ಸುಂಕವನ್ನು ವಿಧಿಸಲು ರಾಜ್ಯಕ್ಕಿರುವ ಹಕ್ಕನ್ನು ನಾನು ಪ್ರಶ್ನಿಸುತ್ತಿಲ್ಲ. ಸ್ವದೇಶದ ಕೈಗಾರಿಕೆಗೆ ಆಸರೆ ಬೇಕು, ಬೊಕ್ಕಸಕ್ಕೆ ಆದಾಯ ಬೇಕು. ಇಲ್ಲಿಯ ಅಂಗಡಿಕಾರನು ಜಿಎಸ್‌ಟಿ ತೆತ್ತು ಮಾರುವ ಸರಕನ್ನು ಹೊರನಾಡಿನವನು ಯಾವ ತೆರಿಗೆಯೂ ಇಲ್ಲದೆ ನಮ್ಮ ಹೊಸ್ತಿಲಿಗೆ ಮುಟ್ಟಿಸುವಂತಾದರೆ ಅದು ನ್ಯಾಯವೂ ಅಲ್ಲ. ಕಾನೂನಿನ ಅಧಿಕಾರವಿಲ್ಲದೆ ಯಾವ ತೆರಿಗೆಯನ್ನೂ ವಿಧಿಸಕೂಡದು, ವಸೂಲು ಮಾಡಕೂಡದು ಎಂಬುದು ನಮ್ಮ ಸಂವಿಧಾನದ 265ನೆಯ ವಿಧಿ; ಆ ಅಧಿಕಾರವನ್ನು 1962ರ ಕಸ್ಟಮ್ಸ್ ಕಾಯಿದೆಯೂ 1975ರ ಸುಂಕದರಗಳ ಕಾಯಿದೆಯೂ ಕೊಟ್ಟಿವೆ. ಆದಕಾರಣ ನಾನು ತೆತ್ತ ಸುಂಕವು ನ್ಯಾಯಬದ್ಧವಾದುದೇ. ನನ್ನ ಆಕ್ಷೇಪಣೆ ಬೇರೆಯದು. ಕೊಳ್ಳುವವನು ಕೊಳ್ಳುವ ನಿರ್ಧಾರವನ್ನು ಮಾಡುವ ಗಳಿಗೆಯಲ್ಲಿ ತಿಳಿಯಲಾಗದ ತೆರಿಗೆಯು, ಅದಕ್ಕೆ ಕಾನೂನಿನ ಮುದ್ರೆ ಎಷ್ಟೇ ಗಟ್ಟಿಯಾಗಿರಲಿ, ತೆರಿಗೆಯ ಧರ್ಮದಲ್ಲಿ ಅರ್ಧವನ್ನು ಕಳೆದುಕೊಂಡಿರುತ್ತದೆ. ಬೆಲೆಯೆಂಬುದು ಇಬ್ಬರ ನಡುವಣ ಒಂದು ಮಾತು. ಆ ಮಾತನ್ನು ಕೇಳಿ ಒಬ್ಬನು ತನ್ನ ದುಡಿಮೆಯ ಫಲವನ್ನು ಬಿಟ್ಟುಕೊಡಲು ಒಪ್ಪುತ್ತಾನೆ. ಒಪ್ಪಿಗೆಯಾದ ಮೇಲೆ, ಹಿಂದಕ್ಕೆ ಸರಿಯುವ ದಾರಿ ಮುಚ್ಚಿದ ಮೇಲೆ, ಮೂರನೆಯವನೊಬ್ಬನು ಬಂದು ಆ ಮಾತನ್ನು ಬದಲಿಸಿದರೆ ಒಪ್ಪಿಗೆಗೆ ಅರ್ಥವೇ ಉಳಿಯುವುದಿಲ್ಲ.

ಇದು ನಾನು ಹೊಸದಾಗಿ ಕಂಡುಕೊಂಡ ತತ್ತ್ವವಲ್ಲ. 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು, ತಂಜಾವೂರು ಸೀಮೆಯ ಪಂಡಿತರೊಬ್ಬರು ಒಪ್ಪಿಸಿದ್ದ ತಾಳೆಯೋಲೆಗಳ ಕಟ್ಟಿನಲ್ಲಿ ಕೌಟಿಲ್ಯನ ‘ಅರ್ಥಶಾಸ್ತ್ರ’ವನ್ನು ಗುರುತಿಸಿ, 1909ರಲ್ಲಿ ಅದನ್ನು ಅಚ್ಚಿಗೆ ತಂದರಷ್ಟೆ. ಆ ಗ್ರಂಥದ ಎರಡನೆಯ ಅಧಿಕರಣದಲ್ಲಿ ಶುಲ್ಕಾಧ್ಯಕ್ಷನ ಪ್ರಕರಣವಿದೆ. ನನ್ನ ಭೂತಕನ್ನಡಿಯ ಕೆಳಗೆ ನಾನು ಮೊತ್ತಮೊದಲು ಇರಿಸಿದ್ದು ಆ ಪುಟಗಳನ್ನೇ. ನಗರದ ಮಹಾದ್ವಾರದ ಬಳಿಯಲ್ಲಿ, ಪೂರ್ವಕ್ಕೋ ಉತ್ತರಕ್ಕೋ ಮುಖವಾಗಿ, ಶುಲ್ಕಶಾಲೆಯನ್ನೂ ಅದರ ಧ್ವಜವನ್ನೂ ಸ್ಥಾಪಿಸಬೇಕೆಂದು ಕೌಟಿಲ್ಯನು ವಿಧಿಸುತ್ತಾನೆ. ವರ್ತಕರು ಯಾರು, ಎಲ್ಲಿಯವರು, ಎಷ್ಟು ಸರಕನ್ನು ತಂದರು, ಅದಕ್ಕೆ ಮುದ್ರೆ ಬಿದ್ದದ್ದೆಲ್ಲಿ ಎಂಬುದನ್ನು ನಾಲ್ಕೈದು ಮಂದಿ ಸುಂಕದವರು ಬರೆದುಕೊಳ್ಳುವರು. ವರ್ತಕನು ಆ ಧ್ವಜದ ಬುಡದಲ್ಲಿ ನಿಂತು ತನ್ನ ಸರಕಿನ ಪ್ರಮಾಣವನ್ನೂ ಬೆಲೆಯನ್ನೂ ಮೂರು ಬಾರಿ ಎಲ್ಲರಿಗೂ ಕೇಳಿಸುವಂತೆ ಕೂಗಿ ಹೇಳುವನು. ಹೊರಗಿನಿಂದ ಒಳಬರುವ ಸರಕಿಗೆ ಬೆಲೆಯ ಐದನೆಯ ಒಂದು ಭಾಗ. ಹೂವು, ಹಣ್ಣು, ಕಾಯಿಪಲ್ಯಗಳಿಗೆ ಆರನೆಯ ಒಂದು ಭಾಗ. ಸುಂಕವನ್ನು ತೆರದೆ ಧ್ವಜವನ್ನು ದಾಟಿದವನಿಗೆ ಎಂಟರಷ್ಟು ದಂಡ. ಕೌಟಿಲ್ಯನು ಮೃದು ಮನಸ್ಸಿನ ಶಾಸ್ತ್ರಕಾರನಲ್ಲ. ಅವನ ದರವು ಹಗುರವೂ ಅಲ್ಲ. ಆದರೆ ಧ್ವಜವೇತಕ್ಕೆ? ದೂರದಿಂದಲೇ ಕಾಣಲೆಂದು. ಸರಕನ್ನು ಹೇರಿಕೊಂಡು ಬರುವವನಿಗೆ, ಇಗೋ ಇಲ್ಲಿ ಸುಂಕವಿದೆ, ಇಷ್ಟಿದೆ, ಬೇಡವಾದರೆ ಎತ್ತುಗಳನ್ನು ಹಿಂದಿರುಗಿಸು ಎಂದು ಮೊದಲೇ ಸಾರುವುದಕ್ಕೆ.

ನಮ್ಮ ನಾಡಿನಲ್ಲಿಯೂ ಇದೇ ಸಂಪ್ರದಾಯವಿದ್ದಿತೆಂಬುದಕ್ಕೆ ಶಾಸನಗಳೇ ಸಾಕ್ಷಿ. ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂಬ ಸುಂಕಗಳ ಹೆಸರುಗಳನ್ನು ಅವುಗಳಲ್ಲಿ ಓದಿದವರಿಗೆ, ಸುಂಕವೆರ್ಗಡೆಯೆಂಬ ಅಧಿಕಾರಿಯ ಪರಿಚಯವುಳ್ಳವರಿಗೆ, ಹೇರೊಂದಕ್ಕೆ ಇಂತಿಷ್ಟೆಂಬ ದರವನ್ನು ಕಲ್ಲಿನಲ್ಲಿ ಕೆತ್ತಿ ದೇವಾಲಯದ ಮುಂದೆ ನಿಲ್ಲಿಸಿದ ಪದ್ಧತಿಯನ್ನು ಬೇರೆಯಾಗಿ ವಿವರಿಸಬೇಕಿಲ್ಲ. ಹನ್ನೆರಡನೆಯ ಶತಮಾನದ ಶರಣರಲ್ಲಿ ಸುಂಕದ ಬಂಕಣ್ಣನೆಂಬವನು ತನ್ನ ಕಾಯಕದ ಮಾತುಗಳಲ್ಲಿಯೇ ವಚನಗಳನ್ನು ರಚಿಸಿದನು; ಬೆಂಗಳೂರಿನ ಮಾಗಡಿ ರಸ್ತೆಯ ಸುಂಕದಕಟ್ಟೆಯು ಆ ಕಾಯಕದ ಹೆಸರನ್ನು ಇಂದಿಗೂ ಹೊತ್ತಿದೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆಯಲ್ಲಿ ಜನರ ನಿಟ್ಟುಸಿರು ಕೇಳಿಸುವುದು ನಿಜ. ಆದರೂ ಆ ಗಾದೆಯಲ್ಲಿ ಸುಂಕದವನೊಬ್ಬನು ಮುಂದೆ ನಿಂತಿದ್ದಾನೆ, ಅವನಿಗೊಂದು ಕಟ್ಟೆಯಿದೆ, ಕೇಳದಿದ್ದರೂ ಹೇಳಿಕೊಳ್ಳಲು ಒಂದು ಮುಖವಿದೆ. ನಮ್ಮ ಕಾಲದಲ್ಲಿ ಕಟ್ಟೆಯು ಊರ ಬಾಗಿಲನ್ನು ಬಿಟ್ಟು ಮನೆಯ ಬಾಗಿಲಿಗೆ ಬಂದಿದೆ, ಸುಂಕದವನು ಮಾತ್ರ ಅಲ್ಲಿಲ್ಲ.

ಇನ್ನು ಆ ಚೀಟಿಯ ಲೆಕ್ಕವನ್ನು ನೋಡೋಣ. ಲೆಕ್ಕವು ಸುಲಭವಾಗಲೆಂದು, ಹತ್ತು ಸಾವಿರ ರೂಪಾಯಿಯ ಒಂದು ವಸ್ತು, ಅದರ ಸಾಗಣೆಗೆ ವಿಮೆಯೂ ಸೇರಿ ಎರಡು ಸಾವಿರ, ಮೂಲ ಸುಂಕ ಶೇಕಡಾ 10, ಜಿಎಸ್‌ಟಿ ಶೇಕಡಾ 18 ಎಂದು ಇಟ್ಟುಕೊಳ್ಳುತ್ತೇನೆ. ಸಾಮಾನ್ಯನು ಹತ್ತನ್ನೂ ಹದಿನೆಂಟನ್ನೂ ಕೂಡಿಸಿ, ಇಪ್ಪತ್ತೆಂಟು, ಎಂದರೆ ಎರಡು ಸಾವಿರದ ಎಂಟುನೂರು ರೂಪಾಯಿ ಎಂದುಕೊಳ್ಳುವನು. ಹಾಗಾಗುವುದಿಲ್ಲ. ಸುಂಕವು ವಸ್ತುವಿನ ಬೆಲೆಯ ಮೇಲೆ ಮಾತ್ರವಲ್ಲದೆ, ಬೆಲೆ, ವಿಮೆ, ಸಾಗಣೆ ಮೂರೂ ಸೇರಿದ ಹನ್ನೆರಡು ಸಾವಿರದ ಮೇಲೆ ಬೀಳುವುದು. ಅಲ್ಲಿಗೆ ಮೂಲ ಸುಂಕವೇ 1,200. ಆ ಸುಂಕದ ಮೇಲೆ, 2018ರಲ್ಲಿ ಬಂದ ಸಮಾಜಕಲ್ಯಾಣ ಮೇಲ್ತೆರಿಗೆ ಶೇಕಡಾ 10, ಎಂದರೆ 120. ಈಗ ಮೊತ್ತವು 13,320 ಆಯಿತು. ಜಿಎಸ್‌ಟಿಯನ್ನು ಹಾಕುವುದು ಈ ಮೊತ್ತದ ಮೇಲೆ, ಸುಂಕದ ಮೇಲೂ ಸೇರಿದಂತೆ. ಅದು 2,397 ರೂಪಾಯಿ 60 ಪೈಸೆ. ಒಟ್ಟಿನಲ್ಲಿ 3,717 ರೂಪಾಯಿ 60 ಪೈಸೆ: ಇಪ್ಪತ್ತೆಂಟೆಂದು ಎಣಿಸಿದ್ದ ಕಡೆ ಮೂವತ್ತೇಳಕ್ಕೂ ಮೇಲೆ. ಇದರಲ್ಲಿ ಮೋಸವಿಲ್ಲ, ಒಂದೊಂದು ಹೆಜ್ಜೆಗೂ ನಿಯಮವಿದೆ. ವಿಮಾನದಲ್ಲಿ ಬಂದ ಸರಕಿನ ಸಾಗಣೆಯ ವೆಚ್ಚವನ್ನು ಬೆಲೆಯ ಶೇಕಡಾ 20ಕ್ಕಿಂತ ಹೆಚ್ಚಾಗಿ ಎಣಿಸಕೂಡದೆಂಬ ಮಿತಿಯನ್ನು 2007ರ ಮೌಲ್ಯನಿರ್ಣಯ ನಿಯಮಗಳು ದಯೆಯಿಂದಲೇ ಇಟ್ಟಿವೆ. ಆದರೆ ತೆರಿಗೆಯ ಮೇಲೆ ತೆರಿಗೆ, ಅದರ ಮೇಲೆ ಇನ್ನೊಂದು, ಹೀಗೆ ಅಟ್ಟದ ಮೇಲೆ ಅಟ್ಟ ಕಟ್ಟಿದ ಈ ಮನೆಯ ಎತ್ತರವನ್ನು ಹೊರಗೆ ನಿಂತವನು ಕಣ್ಣಳತೆಯಿಂದ ಹೇಳಲಾರನು. ಪರದೇಶದ ನಾಣ್ಯವನ್ನು ರೂಪಾಯಿಗೆ ಇಳಿಸುವ ದರವೂ ಅವನ ಬ್ಯಾಂಕಿನದಲ್ಲ, ಸುಂಕದ ಮಂಡಳಿಯು ಕಾಲಕಾಲಕ್ಕೆ ಪ್ರಕಟಿಸುವಂಥದು.

ದರಪಟ್ಟಿಯು ಬಹಿರಂಗವಾಗಿಯೇ ಇದೆಯಲ್ಲ, ಓದಿಕೊಂಡು ಕೊಳ್ಳಬಾರದೇ ಎಂದು ಕೇಳುವವರಿದ್ದಾರೆ. ಕಾನೂನನ್ನು ಅರಿಯೆನೆಂಬುದು ಸಮರ್ಥನೆಯಾಗದೆಂಬ ಸೂತ್ರವನ್ನು ನಾನೂ ಬಲ್ಲೆ. ಆದರೆ ಆ ಪಟ್ಟಿಯಲ್ಲಿರುವುದು ಎಂಟೆಂಟು ಅಂಕಿಗಳ ಸಾವಿರಾರು ಶೀರ್ಷಿಕೆಗಳು. ನನ್ನ ಭೂತಕನ್ನಡಿಯು ಮಸೂರವೋ, ದೀಪವೋ, ನೇತ್ರೋಪಕರಣವೋ ಎಂಬುದನ್ನು ನಿಶ್ಚಯಿಸಿದ ಮೇಲೆಯೇ ದರವು ತಿಳಿಯುವುದು. ಸಣ್ಣ ಸೀಸೆಗಳಲ್ಲಿ ಮಾರುವ ಕೊಬ್ಬರಿ ಎಣ್ಣೆಯು ಅಡುಗೆಯದೋ ತಲೆಗೂದಲಿನದೋ ಎಂಬ ಒಂದು ಪ್ರಶ್ನೆಯು ವರ್ಷಾನುಗಟ್ಟಲೆ ನಡೆದು, 2024ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯದ ಮೂವರು ನ್ಯಾಯಮೂರ್ತಿಗಳ ಪೀಠದಿಂದ ತೀರ್ಮಾನವಾಗಬೇಕಾಯಿತು. ಅದು ಕೇಂದ್ರ ಉತ್ಪಾದನಾ ಸುಂಕದ ವ್ಯಾಜ್ಯವಾದರೂ, ವರ್ಗೀಕರಣದ ಸಂಕಟವು ಎಲ್ಲ ಸುಂಕಗಳಲ್ಲಿಯೂ ಒಂದೇ. ಕೊಬ್ಬರಿ ಎಣ್ಣೆಯ ವಿಷಯದಲ್ಲಿ ವಿದ್ವಾಂಸರಿಗೇ ಇಷ್ಟು ಸಂದೇಹವಿದ್ದಲ್ಲಿ, ಮಗುವಿನ ಆಟಿಕೆಯನ್ನೋ ವೀಣೆಯ ಬಿರಡೆಯನ್ನೋ ಕೊಳ್ಳುವ ಗೃಹಸ್ಥನಿಂದ ನಿಶ್ಚಯಜ್ಞಾನವನ್ನು ಬಯಸುವುದು ಯುಕ್ತವೆ?

ಸುಂಕಕ್ಕಾದರೂ ಶಾಸನದ ಆಧಾರವಿದೆ. ಕೊರಿಯರಿನವರ ಶುಲ್ಕಕ್ಕೆ ಇರುವ ಆಧಾರವು ಇನ್ನೂ ತೆಳುವಾದುದು. ಅವರು ನಮ್ಮ ಪರವಾಗಿ ಸುಂಕವನ್ನು ಮುಂಗಡವಾಗಿ ಕಟ್ಟಿ, ಹಾಗೆ ಕಟ್ಟಿದುದಕ್ಕೆ ಒಂದು ಶುಲ್ಕ, ಕ್ಲಿಯರೆನ್ಸ್ ಎಂಬ ಹೆಸರಿನಲ್ಲಿ ಮತ್ತೊಂದು, ಗುರುತನ್ನು ತೋರಿಸುವ ಕೆವೈಸಿ ಕಾಗದಗಳು ತಡವಾದರೆ ದಾಸ್ತಾನಿನ ಬಾಡಿಗೆ, ಇವೆಲ್ಲದರ ಮೇಲೆ ಮತ್ತೆ ಜಿಎಸ್‌ಟಿ ಎಂದು ಸೇರಿಸುತ್ತಾರೆ. ಈ ಶುಲ್ಕಗಳಿಗೆ ಕನಿಷ್ಠ ಮೊತ್ತವೊಂದು ಇರುವುದರಿಂದ ಪೆಟ್ಟಿಗೆಯು ಸಣ್ಣದಾದಷ್ಟೂ ಹೊರೆಯು ದೊಡ್ಡದು. ಸುಂಕಕ್ಕಿಂತ ಸುಂಕವನ್ನು ಕಟ್ಟಿಕೊಟ್ಟ ಕೂಲಿಯೇ ಹೆಚ್ಚಾಗುವುದುಂಟು. ಕೆಲಸ ಮಾಡಿದವರು ಕೂಲಿಯನ್ನು ಕೇಳಬಾರದೆಂದು ನಾನು ಹೇಳೆನು. ಆದರೆ ಈ ಸಂಬಂಧದ ಸ್ವರೂಪವನ್ನು ನೋಡಿರಿ: ಸಂಸ್ಥೆಯನ್ನು ಆರಿಸಿದವನು ಮಾರುವವನು, ಅದರೊಡನೆ ದರವನ್ನು ಗೊತ್ತುಮಾಡಿಕೊಂಡವನೂ ಅವನೇ, ಸರಕು ಗಡಿಗೆ ಬಂದು ನಿಂತ ಕ್ಷಣದಲ್ಲಿ ಆ ಸಂಸ್ಥೆಯು ಕೊಳ್ಳುವವನ ಪ್ರತಿನಿಧಿಯಾಗಿ ಪರಿಣಮಿಸುತ್ತದೆ. ಯಾರನ್ನು ನಾನು ನೇಮಿಸಲಿಲ್ಲವೋ, ಯಾರ ಕೂಲಿಯನ್ನು ನಾನು ಕೇಳಿ ತಿಳಿಯಲಿಲ್ಲವೋ, ಬೇಡವೆಂದು ಬೇರೊಬ್ಬರನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ಯಾರ ವಿಷಯದಲ್ಲಿ ನನಗಿಲ್ಲವೋ, ಅವರು ನನ್ನ ಪ್ರತಿನಿಧಿ! ಸರ್ಕಾರಕ್ಕೆ ಸಂದದ್ದೆಷ್ಟು, ಸಂಸ್ಥೆಗೆ ಸಂದದ್ದೆಷ್ಟು ಎಂಬುದು ಚೀಟಿಯಲ್ಲಿ ಸಂಕ್ಷೇಪಾಕ್ಷರಗಳ ನಡುವೆ ಬೆರೆತುಹೋಗಿರುವುದರಿಂದ ಜನರು ಎಲ್ಲವನ್ನೂ ‘ಕಸ್ಟಮ್ಸ್’ ಎಂಬ ಒಂದೇ ಹೆಸರಿನಿಂದ ಕರೆದು, ಸರ್ಕಾರವು ತೆಗೆದುಕೊಳ್ಳದ ಹಣಕ್ಕೂ ಸರ್ಕಾರವನ್ನೇ ದೂರುತ್ತಾರೆ. ಈ ಎರಡನ್ನೂ ಬೇರೆಬೇರೆಯಾಗಿ, ಪೂರ್ಣ ಪದಗಳಲ್ಲಿ ತೋರಿಸಬೇಕೆಂಬ ಒಂದು ಆಜ್ಞೆಯನ್ನು ಹೊರಡಿಸುವುದರಿಂದ ಬೊಕ್ಕಸಕ್ಕೆ ಕಾಸಿನ ನಷ್ಟವೂ ಇಲ್ಲ.

ಆಡಮ್ ಸ್ಮಿತ್ ಮಹಾಶಯನು 1776ರ ತನ್ನ ಪ್ರಸಿದ್ಧ ಗ್ರಂಥದಲ್ಲಿ ತೆರಿಗೆಯ ನಾಲ್ಕು ಲಕ್ಷಣಗಳನ್ನು ಹೇಳುತ್ತ, ಎರಡನೆಯದಾಗಿ ನಿಶ್ಚಿತತೆಯನ್ನು ಹೇಳಿದನು: ಎಷ್ಟು, ಯಾವಾಗ, ಯಾವ ಬಗೆಯಲ್ಲಿ ಎಂಬುದು ತೆರುವವನಿಗೆ ಸ್ಪಷ್ಟವಾಗಿರಬೇಕು. ತೆರಿಗೆಯಲ್ಲಿ ಬಹಳ ಅಸಮಾನತೆಯಿದ್ದರೂ ಸಹಿಸಬಹುದು, ಸ್ವಲ್ಪ ಅನಿಶ್ಚಿತತೆಯು ಅದಕ್ಕಿಂತ ದೊಡ್ಡ ಕೇಡು ಎಂಬವರೆಗೂ ಅವನು ಹೋದನು. ಎರಡೇ ವರ್ಷಗಳ ಬಳಿಕ, 1778ರಲ್ಲಿ, ಅವನೇ ಸ್ಕಾಟ್ಲೆಂಡಿನ ಸುಂಕದ ಕಮಿಷನರನಾದನು. ನಿಷಿದ್ಧ ವಸ್ತುಗಳ ಪಟ್ಟಿಯನ್ನು ಓದಿದಾಗ, ತನ್ನ ಕೊರಳವಸ್ತ್ರ ಕರವಸ್ತ್ರಗಳಲ್ಲಿ ಬಹುಮಟ್ಟಿಗೆ ಎಲ್ಲವೂ ಆ ಪಟ್ಟಿಗೆ ಸೇರಿದುವೆಂದು ಕಂಡು, ಅವನ್ನು ಸುಟ್ಟುಹಾಕಿದೆನೆಂದು ಒಂದು ಪತ್ರದಲ್ಲಿ ಬರೆದಿದ್ದಾನೆ. ಅರ್ಥಶಾಸ್ತ್ರದ ಆಚಾರ್ಯನಿಗೇ ತನ್ನ ಮೈಮೇಲಿನ ಬಟ್ಟೆಯ ವಿಷಯದಲ್ಲಿ ಕಾನೂನು ತಿಳಿದಿರಲಿಲ್ಲವೆಂದ ಮೇಲೆ ಇತರರ ಪಾಡೇನು?

ಈ ವಿಚಾರದಲ್ಲಿ ನನ್ನ ಮನಸ್ಸನ್ನು ಹೆಚ್ಚಾಗಿ ನೋಯಿಸುವುದು ಉಡುಗೊರೆಯ ಸಂಗತಿ. ಅನ್ಯದೇಶದಲ್ಲಿರುವ ಬಂಧುಗಳು ಕಳುಹಿಸುವ ಸಣ್ಣ ಬೆಲೆಯ ಉಡುಗೊರೆಗಳಿಗೆ ನಮ್ಮ ದೇಶದಲ್ಲಿ ಬಹುಕಾಲ ವಿನಾಯಿತಿಯಿದ್ದಿತು. ಹೊರನಾಡಿನ ಕೆಲವು ಮಾರಾಟಗಾರರು ತಮ್ಮ ಸರಕಿಗೆಲ್ಲ ಉಡುಗೊರೆಯೆಂಬ ಚೀಟಿಯನ್ನು ಅಂಟಿಸಿ ಆ ಬಾಗಿಲನ್ನು ದುರುಪಯೋಗಪಡಿಸಿಕೊಂಡರು. 2019ರ ಡಿಸೆಂಬರಿನಲ್ಲಿ, ಜೀವರಕ್ಷಕ ಔಷಧಗಳನ್ನೂ ರಾಖಿಯನ್ನೂ ಬಿಟ್ಟು, ಉಡುಗೊರೆಯೆಂಬ ಹೆಸರಿನಲ್ಲಿ ಸುಂಕವಿಲ್ಲದೆ ಬರುವುದೆಲ್ಲವನ್ನೂ ಸರ್ಕಾರವು ನಿಷೇಧಿಸಿತು. ರಾಖಿಯ ಜೊತೆಯಲ್ಲಿ ಬರುವ ಉಡುಗೊರೆಗೂ ವಿನಾಯಿತಿಯಿಲ್ಲವೆಂದು ಆ ಪ್ರಕಟಣೆಯಲ್ಲಿ ಬಿಡಿಸಿ ಹೇಳಲಾಗಿದೆ. ಕೌಟಿಲ್ಯನು ಇಲ್ಲಿ ಬೇರೆ ದಾರಿಯನ್ನು ಹಿಡಿದಿದ್ದನು. ಮದುವೆಯ ಸರಕು, ಕಾಣಿಕೆಯ ಸರಕು, ಯಜ್ಞಕ್ಕೆ, ಹೆರಿಗೆಗೆ, ದೇವಪೂಜೆಗೆ, ಚೌಲೋಪನಯನಗಳಿಗೆ ಬೇಕಾದ ಸರಕು ಸುಂಕವಿಲ್ಲದೆ ಹೋಗಲಿ ಎಂದನು. ಆ ಹೆಸರಿನಲ್ಲಿ ಸುಳ್ಳು ಹೇಳಿದವನಿಗೆ ಕಳ್ಳನಿಗೆ ವಿಧಿಸುವ ದಂಡವನ್ನೇ ವಿಧಿಸಿದನು. ಕಳ್ಳನನ್ನು ಹಿಡಿದನು, ಬಾಗಿಲನ್ನು ಮುಚ್ಚಲಿಲ್ಲ. ದಿನದಿನವೂ ಬಹುಸಂಖ್ಯೆಯ ಪೊಟ್ಟಣಗಳು ಬರುವ ಈ ಕಾಲದಲ್ಲಿ ಒಂದೊಂದನ್ನೂ ಬಿಚ್ಚಿ ನೋಡುವುದು ಅಸಾಧ್ಯವೆಂಬ ಅಧಿಕಾರಿಗಳ ಕಷ್ಟವನ್ನು ನಾನು ಅಲ್ಲಗಳೆಯೆನು. ಆದರೂ ವರ್ಷಕ್ಕೊಮ್ಮೆ ಅಜ್ಜಿಗೆ ಉಣ್ಣೆಯ ಶಾಲನ್ನು ಕಳುಹಿಸುವ ಮೊಮ್ಮಗಳನ್ನೂ ವರ್ಷಕ್ಕೆ ಹತ್ತು ಸಾವಿರ ಪೊಟ್ಟಣಗಳನ್ನು ತಳ್ಳುವ ಮಾರಾಟಗಾರನನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕಾದುದಿಲ್ಲ. ಗುರುತಿನ ದಾಖಲೆಯನ್ನು ಪಡೆದೇ ಪೆಟ್ಟಿಗೆಯನ್ನು ಬಿಡುವ ಸರ್ಕಾರಕ್ಕೆ ಇವರಿಬ್ಬರ ಭೇದವು ತಿಳಿಯದುದೇನೂ ಅಲ್ಲ.

ಇದೇ ಕಷ್ಟವು 2025ರಲ್ಲಿ ಎದುರು ದಿಕ್ಕಿನಿಂದ ನಮ್ಮವರನ್ನು ತಾಕಿತು. ಅಮೆರಿಕದಲ್ಲಿ 800 ಡಾಲರುಗಳವರೆಗಿನ ಪೊಟ್ಟಣಗಳಿಗಿದ್ದ ಸುಂಕದ ವಿನಾಯಿತಿಯು ಆ ವರ್ಷದ ಆಗಸ್ಟ್ 29ರಿಂದ ರದ್ದಾಯಿತು. ಸುಂಕವನ್ನು ಯಾರು ಹೇಗೆ ವಸೂಲು ಮಾಡಬೇಕೆಂಬುದೇ ಇತ್ಯರ್ಥವಾಗದೆ ಸಾಗಣೆಯವರು ಹಿಂದೆಗೆದುದರಿಂದ, ನಮ್ಮ ಅಂಚೆಯ ಇಲಾಖೆಯು 25ರಿಂದಲೇ ಅಲ್ಲಿಗೆ ಪತ್ರಗಳು, ದಾಖಲೆಗಳು ಮತ್ತು 100 ಡಾಲರಿನೊಳಗಿನ ಉಡುಗೊರೆಗಳ ಹೊರತು ಬೇರಾವುದನ್ನೂ ಸ್ವೀಕರಿಸದಾಯಿತು. ಆ ವರ್ಷ ಗೌರಿಯ ಹಬ್ಬವು ಆಗಸ್ಟ್ 26. ತವರಿನ ಬಾಗಿನವು ಮಗಳಿಗೆ ಮುಟ್ಟಬೇಕಾದ ದಿನ. ಅರಿಸಿನ ಕುಂಕುಮ ಬಳೆಗಳಿಗೆ ನೂರು ಡಾಲರಿನ ಮಿತಿಯು ಸಾಕಾದೀತು, ಮೈಸೂರು ರೇಷ್ಮೆಯ ಒಂದು ಸೀರೆಯನ್ನು ಜೊತೆಗಿಟ್ಟರೆ ಸಾಲದು. ಅಕ್ಟೋಬರ್ 15ರಿಂದ ಸೇವೆಯು ಪುನಃ ಆರಂಭವಾದಾಗ, ಘೋಷಿತ ಬೆಲೆಯ ಶೇಕಡಾ 50ರಷ್ಟು ಸುಂಕವನ್ನು ಕಳುಹಿಸುವವರಿಂದ ಇಲ್ಲಿಯೇ, ಅಂಚೆಯ ಕಟಕಟೆಯಲ್ಲಿಯೇ, ಮುಂಚಿತವಾಗಿ ತೆಗೆದುಕೊಳ್ಳುವ ಏರ್ಪಾಡಾಯಿತು. ಐವತ್ತೆಂಬುದು ಕ್ರೂರವಾದ ದರವೇ ಸರಿ. ಅದನ್ನು ಸಮರ್ಥಿಸುವುದು ನನ್ನಿಂದಾಗದು. ಆದರೆ ಆ ಕಟಕಟೆಯ ಮುಂದೆ ನಿಂತ ತಾಯಿಗೆ, ಸೀರೆಯ ಬೆಲೆಯ ಅರ್ಧದಷ್ಟು ಸುಂಕವೆಂದು ಮೊದಲೇ ತಿಳಿಯಿತು. ಕಳುಹಿಸಲೋ ಬಿಡಲೋ ಎಂದು ಯೋಚಿಸುವ ಸ್ವಾತಂತ್ರ್ಯವು ಅವಳಲ್ಲಿ ಉಳಿಯಿತು. ನ್ಯೂಜೆರ್ಸಿಯಲ್ಲಿರುವ ಮಗಳು ಬಾಗಿಲಿನಲ್ಲಿ ಚೀಟಿಯನ್ನು ಹಿಡಿದು ನಿಲ್ಲಬೇಕಾಗಲಿಲ್ಲ. ಸುಂಕದ ಭಾರವೇ ಬೇರೆ, ಸುಂಕದ ಆಘಾತವೇ ಬೇರೆಯೆಂದು ನಾನು ಹೇಳುತ್ತಿರುವುದು ಇದನ್ನೇ. ಭಾರವನ್ನು ಇಳಿಸುವುದು ರಾಜಕಾರಣದ ದೊಡ್ಡ ಕೆಲಸ. ಆಘಾತವನ್ನು ತಪ್ಪಿಸುವುದಕ್ಕೆ ಬೇಕಾದುದು ವ್ಯವಸ್ಥೆ ಮಾತ್ರ.

ಅಂಥ ವ್ಯವಸ್ಥೆಯನ್ನು ಇತರರು ಮಾಡಿಕೊಂಡಿದ್ದಾರೆ. ಆಸ್ಟ್ರೇಲಿಯವು 2018ರ ಜುಲೈಯಿಂದ 1,000 ಡಾಲರುಗಳವರೆಗಿನ ಸರಕಿಗೆ, ಬ್ರಿಟನ್ನು 2021ರ ಜನವರಿಯಿಂದ 135 ಪೌಂಡುಗಳವರೆಗಿನ ಸರಕಿಗೆ, ಮಾರುವವನೇ ಮಾರುವಾಗಲೇ ತೆರಿಗೆಯನ್ನು ತೆಗೆದುಕೊಂಡು ಸರ್ಕಾರಕ್ಕೆ ಒಪ್ಪಿಸಬೇಕೆಂದು ಗೊತ್ತುಮಾಡಿದುವು. ಯೂರೋಪಿನ ಒಕ್ಕೂಟವು 2021ರ ಜುಲೈಯಲ್ಲಿ 22 ಯೂರೋಗಳ ಹಳೆಯ ವಿನಾಯಿತಿಯನ್ನು ತೆಗೆದುಹಾಕಿದರೂ, 150 ಯೂರೋಗಳವರೆಗೆ ಇದೇ ಬಗೆಯ ಸೌಲಭ್ಯವನ್ನು ತೆರೆಯಿತು. ನಮಗೆ ಈ ತತ್ತ್ವವು ಹೊರಗಿನಿಂದ ಬರಬೇಕಾದುದೂ ಅಲ್ಲ. 2020ರ ಜುಲೈಯಲ್ಲಿ ಹೊರಟ ಗ್ರಾಹಕ ಸಂರಕ್ಷಣೆಯ ಇ-ಕಾಮರ್ಸ್ ನಿಯಮಗಳು, ವಸ್ತುವಿನ ಒಟ್ಟು ಬೆಲೆಯನ್ನು, ಸಾಗಣೆ, ಅಂಚೆ, ತೆರಿಗೆಗಳೆಲ್ಲವನ್ನೂ ಒಳಗೊಂಡು, ಒಂದೇ ಸಂಖ್ಯೆಯಲ್ಲಿ ತೋರಿಸಬೇಕೆಂದು ವಿಧಿಸಿವೆ. ಭಾರತದಲ್ಲಿ ನೆಲೆಯಿಲ್ಲದಿದ್ದರೂ ಇಲ್ಲಿಯ ಗ್ರಾಹಕರಿಗೆ ಕ್ರಮಬದ್ಧವಾಗಿ ಮಾರುವ ಸಂಸ್ಥೆಗಳಿಗೂ ಅವು ಅನ್ವಯಿಸುತ್ತವೆ. ಹನಿಹನಿಯಾಗಿ ಬೆಲೆಯನ್ನು ಏರಿಸುತ್ತ ಹೋಗುವುದು ಅನುಚಿತ ವ್ಯಾಪಾರವೆಂದು 2023ರ ಮಾರ್ಗಸೂಚಿಯು ಹೆಸರಿಟ್ಟೇ ಹೇಳಿತು. ಕಟ್ಟೆಯ ಮೇಲೆ ಧ್ವಜವನ್ನು ನೆಡುವ ಗುಂಡಿಯನ್ನು ತೋಡಿಯಾಗಿದೆ. ಧ್ವಜವನ್ನು ಎತ್ತಬೇಕಾದವರು ಎತ್ತಲಿಲ್ಲ. ಸುಂಕವು 100 ರೂಪಾಯಿಗಳನ್ನು ಮೀರದಿದ್ದರೆ ವಸೂಲು ಮಾಡಕೂಡದೆಂದು ಕಸ್ಟಮ್ಸ್ ಕಾಯಿದೆಯಲ್ಲಿರುವ ಮಿತಿಯನ್ನಾದರೂ ಇಂದಿನ ಬೆಲೆಗಳಿಗೆ ತಕ್ಕಂತೆ ಹೆಚ್ಚಿಸಬಹುದು. ಬೇಡವಾದ ವಸ್ತುವನ್ನು ಹಿಂದಿರುಗಿಸಿದರೆ ಸುಂಕದ ಶೇಕಡಾ 98ರವರೆಗೆ ಮರಳಿ ಕೊಡುವ 74ನೆಯ ಪ್ರಕರಣವೇನೋ ಇದೆ, ಆದರೆ ಅದು ವರ್ತಕರ ಮೈಯಳತೆಗೆ ಹೊಲಿದ ಅಂಗಿ. ಗೃಹಸ್ಥನಿಗೆ ಅದನ್ನು ತೊಡುವ ಬಗೆಯೇ ತಿಳಿಯದು.

ಅನಿಶ್ಚಿತತೆಯಿಂದ ಒದಗುವ ಇನ್ನೊಂದು ಅನರ್ಥವನ್ನು ಹೇಳದೆ ಬಿಡಲಾರೆನು. ನಿಮ್ಮ ಪಾರ್ಸೆಲ್ ಕಸ್ಟಮ್ಸ್‌ನಲ್ಲಿ ಸಿಕ್ಕಿಕೊಂಡಿದೆ, ಇಷ್ಟು ಹಣವನ್ನು ಕಟ್ಟಿರಿ ಎಂದು ದೂರವಾಣಿಯಲ್ಲಿ ಹೆದರಿಸಿ ವೃದ್ಧರನ್ನೂ ಅಮಾಯಕರನ್ನೂ ಸುಲಿಯುವ ವಂಚಕರಿದ್ದಾರೆ. ಸುಂಕದ ಇಲಾಖೆಯು ಯಾರ ಖಾಸಗಿ ಖಾತೆಗೂ ಹಣವನ್ನು ಕಟ್ಟಿಸಿಕೊಳ್ಳುವುದಿಲ್ಲ. 2019ರ ನವೆಂಬರಿನಿಂದ ಅದರ ಪತ್ರಗಳಿಗೆ ಪರೀಕ್ಷಿಸಿ ನೋಡಬಹುದಾದ ಡಿಐಎನ್ ಎಂಬ ಸಂಖ್ಯೆಯೂ ಇರುತ್ತದೆ. ಆದರೂ ಜನರು ನಂಬುವರು. ಏತಕ್ಕೆಂದರೆ, ನಿಜವಾದ ಬೇಡಿಕೆಯೂ ಹೀಗೆಯೇ, ಮುನ್ಸೂಚನೆಯಿಲ್ಲದೆ, ಅರ್ಥವಾಗದ ಅಕ್ಷರಗಳಲ್ಲಿ, ಕೂಡಲೇ ಕಟ್ಟೆಂಬ ಅವಸರದಲ್ಲಿ ಬರುವುದನ್ನು ಅವರು ಕಂಡಿರುತ್ತಾರೆ. ನ್ಯಾಯವಾದ ಸುಂಕದ ಮುಖವು ನಿಚ್ಚಳವಾಗಿ ಕಾಣುತ್ತಿದ್ದರೆ ಕಪಟಿಗೆ ಆ ವೇಷವನ್ನು ಧರಿಸುವುದು ಇಷ್ಟು ಸುಲಭವಾಗುತ್ತಿರಲಿಲ್ಲ. ನನ್ನ ನೆರೆಮನೆಯ ವೃದ್ಧೆಯೊಬ್ಬರು ಇಂಥ ಕರೆಯನ್ನು ನಂಬಿ ಹಣ ಕಳೆದುಕೊಂಡ ಸಂಜೆ, ತಾವು ಯಾವ ಪಾರ್ಸೆಲನ್ನೂ ತರಿಸಿರಲಿಲ್ಲವೆಂಬುದು ಅವರಿಗೆ ನೆನಪಿತ್ತು; ಮಗನು ಹೇಳದೆ ಏನನ್ನಾದರೂ ಕಳುಹಿಸಿರಬಹುದೆಂದುಕೊಂಡರಂತೆ.

ಭೂತಕನ್ನಡಿಯು ಚೆನ್ನಾಗಿಯೇ ಕೆಲಸ ಮಾಡಿತು. ಶುಲ್ಕಾಧ್ಯಕ್ಷನ ಪ್ರಕರಣವನ್ನು ಮುಗಿಸಿ ಮುಂದಿನ ಪ್ರಕರಣಗಳಿಗೆ ಬಂದಿದ್ದೆನು. ಕಳೆದ ತಿಂಗಳು ಅದರೊಳಗಿನ ದೀಪವು ಕೆಟ್ಟಿತು. ಅದೇ ಅಂಗಡಿಯಲ್ಲಿ ದೀಪವು ಬಿಡಿಯಾಗಿ ಸಿಗುತ್ತದೆ, ಬೆಲೆಯು ಒಂದು ಸಾವಿರ ರೂಪಾಯಿಗೂ ಕಡಮೆ. ಬಾಗಿಲಿಗೆ ಬರುವಾಗ ಒಟ್ಟು ಎಷ್ಟಾಗುವುದೆಂದು ಅಂಗಡಿಯವರಿಗೆ ಬರೆದು ಕೇಳಿದೆನು. ಅದು ನಿಮ್ಮ ದೇಶದ ವಿಷಯ, ನಾವು ಹೇಳಲಾರೆವು ಎಂದು ಅವರು ವಿನಯದಿಂದಲೇ ಉತ್ತರಿಸಿದರು. ಇಲ್ಲಿಯ ಕೊರಿಯರ್ ಕಚೇರಿಯಲ್ಲಿ ಕೇಳಿದೆನು. ಪೆಟ್ಟಿಗೆಯು ಬಂದ ಮೇಲೆ ತಿಳಿಯುವುದೆಂದರು. ದೀಪವನ್ನು ತರಿಸಿಲ್ಲ. ಬೆಳಗಿನ ಹೊತ್ತು ಕಿಟಕಿಯ ಬಳಿ ಕುರ್ಚಿಯನ್ನು ಹಾಕಿಕೊಂಡು, ಬಿಸಿಲು ಇರುವಷ್ಟು ಹೊತ್ತು ಓದುತ್ತೇನೆ.